ನಾಸಿಕೆ, ಶ್ವಾಸ ಮತ್ತು ನಿದ್ರೆ

ಮನುಷ್ಯನು ಅನ್ನವಿಲ್ಲದೆ ಹಲವು ದಿನ ಬದುಕಬಲ್ಲನು, ನೀರಿಲ್ಲದೆ ಕೆಲವು ದಿನ ಬದುಕಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳ ಮೇಲೆ ಬದುಕಲಾರನು. ಆದರೂ ಅನ್ನಪಾನಗಳ ವಿಷಯದಲ್ಲಿ ತೋರುವ ಎಚ್ಚರವನ್ನು ಉಸಿರಿನ ವಿಷಯದಲ್ಲಿ ತೋರುವವರು ವಿರಳ. ಉಸಿರಾಟವು ತಾನಾಗಿ ನಡೆಯುವ ವ್ಯಾಪಾರವಾದುದರಿಂದ ಅದು ಕೆಟ್ಟುದು ಗಮನಕ್ಕೆ ಬರುವುದು ತಡವಾಗಿ. ನಿದ್ರೆಯಲ್ಲಿ ಕೆಟ್ಟರಂತೂ ಮಲಗಿದವನಿಗೆ ತಿಳಿಯುವುದೇ ಇಲ್ಲ. ಪಕ್ಕದಲ್ಲಿರುವವರಿಗೆ ಮಾತ್ರ ತಿಳಿಯುತ್ತದೆ.

“ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ರೆ” ಎಂಬುದು ನಾಡಿನ ಗಾದೆ. ಅದರ ಹಿಂದಿನ ಅನುಭವ ನಿಜವಾದುದೇ. ಆದರೆ ಸಂತೆಯಲ್ಲಿ, ಬಸ್ಸಿನಲ್ಲಿ, ಪುರಾಣಶ್ರವಣದ ನಡುವೆ ಕುಳಿತಲ್ಲಿಯೇ ತೂಕಡಿಸುವವನು ನಿಶ್ಚಿಂತನೇ ಆಗಿರಬೇಕೆಂಬ ನಿಯಮವಿಲ್ಲ. ರಾತ್ರಿಯೆಲ್ಲ ಹಾಸಿಗೆಯಲ್ಲಿದ್ದೂ ನಿದ್ರೆಯ ಫಲ ದೊರೆಯದ ರೋಗಿಯೂ ಆತನಾಗಿರಬಹುದು. ದೊಡ್ಡ ಗೊರಕೆಯವನನ್ನು ಕುಂಭಕರ್ಣನೆಂದು ಕರೆದು ನಗುವುದು ಮನೆಮನೆಯ ವಾಡಿಕೆ. ಆ ಗೊರಕೆ ನಡುನಡುವೆ ಥಟ್ಟನೆ ನಿಂತು, ಒಂದಿಷ್ಟು ಹೊತ್ತು ನಿಶ್ಶಬ್ದವಾಗಿ, ಬಳಿಕ ಉಬ್ಬಸದೊಡನೆ ಮರಳಿ ಆರಂಭವಾಗುವುದನ್ನು ಕೇಳಿಸಿಕೊಂಡವರು ನಗುವುದನ್ನು ಬಿಟ್ಟು ಯೋಚಿಸಬೇಕಾಗುತ್ತದೆ.

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಸುತ್ತಿನದು ಕಾಫಿ ಮೆಣಸುಗಳ ಸೀಮೆ. ಮಳೆಗಾಲದ ಶೀತ, ಸೌದೆ ಒಲೆಯ ಹೊಗೆ, ಕಣದ ಧೂಳು ಇವುಗಳ ನಡುವೆ ಬಾಳುವವರಲ್ಲಿ ಮೂಗು ಕಟ್ಟುವುದು ಅಪರೂಪವಲ್ಲ. ಇಂಥ ಊರಿನ ಐವತ್ತು ವರ್ಷದ ಗೃಹಸ್ಥನೊಬ್ಬನನ್ನು ಮನಸ್ಸಿಗೆ ತಂದುಕೊಳ್ಳಬಹುದು. ಅವನಿಗೆ ಮೂಗು ಸದಾ ಕಟ್ಟಿರುತ್ತದೆ; ರಾತ್ರಿ ಭಾರಿ ಗೊರಕೆ; ಹಗಲು ತಡೆಯಲಾರದ ಮಂಪರು. “ಮೂಗಿನಲ್ಲಿ ಮೂಳೆ ಬೆಳೆದಿದೆ, ಆಪರೇಷನ್ ಆದರೆ ಎಲ್ಲ ಸರಿಹೋಗುತ್ತದೆ” ಎಂದು ಬಂಧುಗಳು ಹೇಳುತ್ತಾರೆ. ಆತನು ಆ ವರ್ಷದ ಮೆಣಸನ್ನು ಮಾರಿ ಆಪರೇಷನ್ ಮಾಡಿಸಿಕೊಳ್ಳುತ್ತಾನೆ. ಮೂಗು ತೆರೆಯುತ್ತದೆ, ಉಸಿರು ಹಗುರವಾಗುತ್ತದೆ. ಹಗಲಿನ ಮಂಪರು ಮಾತ್ರ ಹೋಗುವುದಿಲ್ಲ. ಆಗ ಮನೆಯವರು ವೈದ್ಯನನ್ನು ದೂರುತ್ತಾರೆ, ಇಲ್ಲವೆ ವಿಧಿಯನ್ನು ದೂರುತ್ತಾರೆ. ದೋಷವಿರುವುದು ತಿಳಿವಳಿಕೆಯಲ್ಲಿ. ಮೂಗಿನ ತಡೆ ಒಂದು. ನಿದ್ರೆಯಲ್ಲಿ ಉಸಿರು ನಿಲ್ಲುವುದು ಇನ್ನೊಂದು. ಇವೆರಡಕ್ಕೂ ಸಂಬಂಧವುಂಟು, ಆದರೆ ಇವೆರಡೂ ಒಂದೇ ಅಲ್ಲ. ಈ ಭೇದವನ್ನು ವಿಶದಪಡಿಸುವುದೇ ಪ್ರಕೃತ ಲೇಖನದ ವಿಷಯ.

ನಾಸಿಕೆಯ ರಚನೆ

ಮೂಗು ಗಾಳಿ ಹೋಗಿಬರುವ ಬರಿಯ ರಂಧ್ರವಲ್ಲ. ಒಳಹೋಗುವ ಗಾಳಿಯನ್ನು ಶೋಧಿಸುವುದು, ಬೆಚ್ಚಗೆ ಮಾಡುವುದು, ತೇವಗೊಳಿಸುವುದು ಈ ಮೂರೂ ಅದರ ಕಾರ್ಯಗಳು. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆಯುಂಟು, ಅದೇ ಮಧ್ಯಭಿತ್ತಿ. ಅದರ ಮುಂಭಾಗ ಮೃದುವಾದ ಎಲುಬು, ಹಿಂಭಾಗ ಗಟ್ಟಿಯಾದ ಎಲುಬು. ಪಕ್ಕದ ಗೋಡೆಗಳಲ್ಲಿ ಒಂದೊಂದು ಕಡೆಗೆ ಮೂರರಂತೆ ಸುರುಳಿಯಾಕಾರದ ಏಣುಗಳಿವೆ. ಇವನ್ನು ವೈದ್ಯರು ಟರ್ಬಿನೇಟ್ ಎನ್ನುತ್ತಾರೆ. ಇವುಗಳ ಮೇಲಿನ ಲೋಳೆಪೊರೆಯಲ್ಲಿ ರಕ್ತ ತುಂಬಿದಾಗ ಅವು ಉಬ್ಬುತ್ತವೆ, ಇಳಿದಾಗ ಕುಗ್ಗುತ್ತವೆ.

ಈ ಉಬ್ಬುವಿಕೆ ಕುಗ್ಗುವಿಕೆಗಳು ಆರೋಗ್ಯವಂತರಲ್ಲಿಯೂ ಕೆಲವು ಗಂಟೆಗಳಿಗೊಮ್ಮೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಬದಲಾಗುತ್ತಿರುತ್ತವೆ. ಜರ್ಮನಿಯ ಕೈಸರ್ ಎಂಬ ವೈದ್ಯನು 1895ರಲ್ಲಿ ಇದನ್ನು ಆಧುನಿಕ ರೀತಿಯಲ್ಲಿ ವರ್ಣಿಸಿದನು. ಇಡಾ ಪಿಂಗಲಾ ಎಂದು ಎಡಬಲಗಳ ಉಸಿರನ್ನು ಬೇರ್ಪಡಿಸಿ ನೋಡುತ್ತಿದ್ದ ಯೋಗಿಗಳಿಗೆ ಈ ಸರದಿ ಅದಕ್ಕೂ ಬಹಳ ಮೊದಲೇ ಗೊತ್ತಿತ್ತು. ಆದುದರಿಂದ ಒಮ್ಮೆ ಎಡಹೊಳ್ಳೆ, ಒಮ್ಮೆ ಬಲಹೊಳ್ಳೆ ಕಟ್ಟಿದಂತಾಗುವುದು ತಾನಾಗಿ ರೋಗವಲ್ಲ. ಸದಾಕಾಲವೂ ಒಂದೇ ಹೊಳ್ಳೆ ಕಟ್ಟಿರುವುದು, ಇಲ್ಲವೆ ಎರಡೂ ಬಿಡದೆ ಕಟ್ಟಿರುವುದು ಪರೀಕ್ಷಿಸಬೇಕಾದ ಸಂಗತಿ.

ಜನರು “ಮೂಳೆ ಬೆಳೆದಿದೆ” ಎಂದು ಹೇಳುವುದು ಸಾಮಾನ್ಯವಾಗಿ ಮಧ್ಯಭಿತ್ತಿ ಬಾಗಿರುವುದನ್ನು, ಇಲ್ಲವೆ ಟರ್ಬಿನೇಟುಗಳು ದಪ್ಪವಾಗಿರುವುದನ್ನು. ಕೆಲವರಿಗೆ ಮಧ್ಯಭಿತ್ತಿ ಹುಟ್ಟಿನಿಂದಲೇ ವಕ್ರ. ಕೆಲವರಿಗೆ ಬಾಲ್ಯದಲ್ಲಿ ಬಿದ್ದ ಪೆಟ್ಟಿನಿಂದ ವಕ್ರ. ಪೂರ್ಣ ನೇರವಾದ ಭಿತ್ತಿಯುಳ್ಳವರು ಕಡಿಮೆಯೇ. ತೊಂದರೆ ಕೊಡದ ವಕ್ರತೆಗೆ ಚಿಕಿತ್ಸೆ ಬೇಡ. ಇನ್ನು ಕೆಲವರಲ್ಲಿ ದ್ರಾಕ್ಷಿಯಂತೆ ಜೋತುಬೀಳುವ ದುರ್ಮಾಂಸ, ಎಂದರೆ ಪಾಲಿಪ್, ದಾರಿಯನ್ನು ಮುಚ್ಚುತ್ತದೆ.

ಪ್ರಾಚೀನರ ತಿಳಿವಳಿಕೆ

ಈ ದೇಶದ ವೈದ್ಯರಿಗೆ ನಾಸಾರೋಗಗಳು ಹೊಸವಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರದಲ್ಲಿ ಮೂವತ್ತೊಂದು ನಾಸಾರೋಗಗಳ ಗಣನೆಯಿದೆ. ಮೂಗಿನ ದಾರಿ ಮುಚ್ಚುವ ರೋಗಕ್ಕೆ ಅಲ್ಲಿ ಪ್ರತೀನಾಹವೆಂದು ಹೆಸರು. ಒಳಗೆ ಬೆಳೆಯುವ ದುರ್ಮಾಂಸಕ್ಕೆ ನಾಸಾರ್ಶವೆಂದು ಹೆಸರು. ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಮರಳಿ ಕಟ್ಟುವ ವಿಧಾನವನ್ನೂ ಆ ಗ್ರಂಥ ಹೇಳುತ್ತದೆ. ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿ, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಎತ್ತಿ ಜೋಡಿಸಿ, ಹೊಳ್ಳೆಗಳಲ್ಲಿ ಎರಡು ನಾಳಗಳನ್ನಿಡಬೇಕೆಂಬುದು ಅಲ್ಲಿಯ ವಿಧಿ. ಮೂಗಿನ ರೂಪವನ್ನು ಕಟ್ಟುವಾಗಲೂ ಉಸಿರಿನ ದಾರಿಯನ್ನು ಮರೆಯಬಾರದೆಂಬ ವಿವೇಕ ಆ ಎರಡು ನಾಳಗಳಲ್ಲಿ ಅಡಗಿದೆ.

ಈ ವಿದ್ಯೆ ಪಾಶ್ಚಾತ್ಯರನ್ನು ಮುಟ್ಟಿದ ಕಥೆಗೆ ಕನ್ನಡನಾಡಿನ ನಂಟುಂಟು. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತಿನ ಗಾಡಿಯವನಾಗಿದ್ದ ಕವಾಸ್‌ಜಿ ಎಂಬ ಮರಾಠನು ಟಿಪ್ಪುಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ಸುಮಾರು ಒಂದು ವರ್ಷದ ಬಳಿಕ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನ ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗನ್ನು ಕಟ್ಟಿದನು. ಈ ವೃತ್ತಾಂತವು 1794ರ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು ಅದೇ ಕ್ರಮವನ್ನು 1814ರಲ್ಲಿ ಲಂಡನ್ನಿನಲ್ಲಿ ನಡೆಸಿ, 1816ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಇಂದಿಗೂ ವೈದ್ಯಗ್ರಂಥಗಳಲ್ಲಿ ಇದಕ್ಕೆ ‘ಭಾರತೀಯ ವಿಧಾನ’ವೆಂದೇ ಹೆಸರು.

ಅದು ಮೂಗಿನ ಹೊರರೂಪದ ಕಥೆ. ಒಳಗಿನ ಭಿತ್ತಿಯನ್ನು ಸರಿಪಡಿಸಿ ಉಸಿರನ್ನು ಸುಗಮಗೊಳಿಸುವ ಶಸ್ತ್ರಕ್ರಿಯೆ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಫ್ರೀರ್ ಮತ್ತು ಜರ್ಮನಿಯ ಕಿಲಿಯನ್ ಇವರಿಂದ ವ್ಯವಸ್ಥಿತವಾಯಿತು. ಅವರ ಕ್ರಮದಲ್ಲಿ ಭಿತ್ತಿಯ ಬಹುಭಾಗವನ್ನು ತೆಗೆದುಹಾಕುತ್ತಿದ್ದರು. ಅದರಿಂದ ಕೆಲವೊಮ್ಮೆ ಮೂಗಿನ ಬೆನ್ನು ಕುಸಿಯುತ್ತಿತ್ತು. ಆ ಶತಮಾನದ ನಡುವಿನಲ್ಲಿ ಷಿಕಾಗೋ ನಗರದ ಕಾಟಲ್ ಮೊದಲಾದವರು ಎಲುಬನ್ನು ಆದಷ್ಟೂ ಉಳಿಸಿಕೊಂಡು ನೇರಮಾಡುವ ಕ್ರಮವನ್ನು ರೂಢಿಸಿದರು. ಇಂದು ನಡೆಯುವ ಸೆಪ್ಟೋಪ್ಲಾಸ್ಟಿ ಇದೇ ದಾರಿಯದು.

ಶಸ್ತ್ರಚಿಕಿತ್ಸೆಯ ಕ್ರಮ

ಶಸ್ತ್ರಕ್ಕೆ ಮೊದಲು ಔಷಧ. ಮೂಗು ಕಟ್ಟುವುದಕ್ಕೆ ಅಲರ್ಜಿ ಕಾರಣವಾಗಿದ್ದರೆ, ವೈದ್ಯರು ಹೇಳಿದ ಸ್ಟೀರಾಯ್ಡ್ ಸ್ಪ್ರೇ ಮತ್ತು ಉಪ್ಪುನೀರಿನ ತೊಳೆತದಿಂದ ಕೆಲವು ವಾರಗಳಲ್ಲಿ ಅನೇಕರಿಗೆ ಗುಣವಾಗುತ್ತದೆ. ಅಂಗಡಿಯಲ್ಲಿ ತಾವೇ ಕೊಂಡುತರುವ, ಕ್ಷಣದಲ್ಲಿ ಮೂಗು ತೆರೆಯುವ ಹನಿಗಳ ವಿಷಯದಲ್ಲಿ ಬಹಳ ಎಚ್ಚರ ಬೇಕು. ಇವನ್ನು ಐದಾರು ದಿನಗಳನ್ನು ಮೀರಿ ಹಾಕಿಕೊಂಡರೆ, ಹನಿಯ ಪ್ರಭಾವ ಇಳಿದೊಡನೆ ಮೂಗು ಮೊದಲಿಗಿಂತ ಹೆಚ್ಚಾಗಿ ಕಟ್ಟುತ್ತದೆ; ಮತ್ತೆ ಹನಿ, ಮತ್ತೆ ಕಟ್ಟುವಿಕೆ. ವರ್ಷಗಟ್ಟಲೆ ಈ ಸುಳಿಯಲ್ಲಿ ಸಿಕ್ಕಿದವರಿದ್ದಾರೆ. ಮೊದಲು ಆ ಹನಿಯನ್ನು ಬಿಡಿಸುವುದೇ ಅವರಿಗೆ ಚಿಕಿತ್ಸೆ.

ಔಷಧದಿಂದ ಗುಣವಾಗದೆ, ಭಿತ್ತಿಯ ವಕ್ರತೆಯೇ ಕಾರಣವೆಂದು ದುರ್ಬೀನಿನ ಪರೀಕ್ಷೆಯಿಂದ, ಅಗತ್ಯವಿದ್ದಲ್ಲಿ ಸಿ.ಟಿ. ಸ್ಕ್ಯಾನಿನಿಂದ ನಿಶ್ಚಯವಾದರೆ ಶಸ್ತ್ರಚಿಕಿತ್ಸೆ ಯೋಗ್ಯ. ಮುಖದ ಮೇಲೆ ಗಾಯವಾಗುವುದಿಲ್ಲ. ಮೂಗಿನ ಒಳಗೇ ಲೋಳೆಪೊರೆಯನ್ನು ಸೀಳಿ, ಎಲುಬಿನಿಂದ ಬಿಡಿಸಿ, ವಕ್ರವಾದ ಭಾಗವನ್ನು ಸರಿಪಡಿಸಿ ಅಥವಾ ಅಷ್ಟನ್ನು ಮಾತ್ರ ತೆಗೆದು, ಪೊರೆಯನ್ನು ಮರಳಿ ಹೊಂದಿಸುತ್ತಾರೆ. ದಪ್ಪವಾದ ಟರ್ಬಿನೇಟುಗಳನ್ನು ಅದೇ ಸಮಯದಲ್ಲಿ ಕುಗ್ಗಿಸುವುದುಂಟು. ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಬಳಿಕ ಮೂಗಿನಲ್ಲಿ ತುಂಬಿದ ಬಟ್ಟೆಯನ್ನು ಒಂದೆರಡು ದಿನಗಳಲ್ಲಿ ತೆಗೆಯುತ್ತಾರೆ. ಅಲ್ಲಿಯವರೆಗೆ ಬಾಯಿಯ ಉಸಿರೇ ಗತಿ. ಎರಡು ವಾರಗಳ ಕಾಲ ಮೂಗನ್ನು ಜೋರಾಗಿ ಸೀಟಬಾರದು, ಮೂಟೆ ಹೊರಬಾರದು. ಒಳಗಿನ ಬಾವು ಇಳಿದು ಪೂರ್ಣಫಲ ತಿಳಿಯಲು ಕೆಲವು ತಿಂಗಳು ಬೇಕು.

ಅಪಾಯಗಳು ಕಡಿಮೆಯಾದರೂ ಇಲ್ಲವೆಂದಲ್ಲ. ರಕ್ತಸ್ರಾವ, ಕೀವು, ಭಿತ್ತಿಯೊಳಗೆ ರಕ್ತ ಹೆಪ್ಪುಗಟ್ಟುವುದು, ಭಿತ್ತಿಯಲ್ಲಿ ರಂಧ್ರ ಉಳಿಯುವುದು, ಮೇಲಿನ ಮುಂಹಲ್ಲುಗಳ ಬಳಿ ಕೆಲಕಾಲ ಜೋಮು ಹಿಡಿಯುವುದು ಇವನ್ನು ವೈದ್ಯರು ಮೊದಲೇ ಹೇಳುತ್ತಾರೆ, ಹೇಳದಿದ್ದರೆ ಕೇಳಬೇಕು.

ನಿದ್ರೆಯಲ್ಲಿ ಶ್ವಾಸಸ್ತಂಭನ

ಇನ್ನು ಎರಡನೆಯ ಸಂಗತಿ. ಮೂಗಿನ ಹಿಂದೆ, ನಾಲಗೆಯ ಬುಡದ ಬಳಿ ಗಂಟಲಿನ ನಾಳವಿದೆ. ಮೂಗಿಗೆ ಎಲುಬಿನ ಗೋಡೆಗಳಿರುವಂತೆ ಈ ನಾಳಕ್ಕೆ ಇಲ್ಲ. ಇದನ್ನು ತೆರೆದಿಡುವುದು ಸ್ನಾಯುಗಳು ಮಾತ್ರ. ನಿದ್ರೆಯಲ್ಲಿ ಸ್ನಾಯುಗಳು ಸಡಿಲವಾದಾಗ ನಾಳ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಅಂಗುಳೂ ಕಿರುನಾಲಗೆಯೂ ಅದುರುವ ಸದ್ದೇ ಗೊರಕೆ. ನಾಳ ಪೂರ್ತಿಯಾಗಿ ಮುಚ್ಚಿ, ಎದೆ ಹೊಟ್ಟೆಗಳು ಸೆಣಸುತ್ತಿದ್ದರೂ ಗಾಳಿ ಒಳಹೋಗದೆ 10 ಸೆಕೆಂಡುಗಳಾದರೂ ಕಳೆದರೆ ಅದು ಶ್ವಾಸಸ್ತಂಭನ. ವೈದ್ಯರ ಮಾತಿನಲ್ಲಿ ಸ್ಲೀಪ್ ಅಪ್ನಿಯ. ರಕ್ತದ ಆಮ್ಲಜನಕ ಇಳಿಯುತ್ತದೆ. ಮಿದುಳು ಗಾಬರಿಗೊಂಡು ಅರೆಯೆಚ್ಚರವಾಗುತ್ತದೆ. ಉಬ್ಬಸದೊಡನೆ ದಾರಿ ತೆರೆಯುತ್ತದೆ. ಮತ್ತೆ ನಿದ್ರೆ, ಮತ್ತೆ ತಡೆ. ರಾತ್ರಿಯೊಂದರಲ್ಲಿ ನೂರಾರು ಸಲ ಹೀಗಾದರೂ ಬೆಳಗ್ಗೆ ರೋಗಿಗೆ ಒಂದೂ ನೆನಪಿರುವುದಿಲ್ಲ.

ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಬಹಳ ಇಳಿಯಿತು ಎಂಬ ಲೆಕ್ಕದಿಂದ ರೋಗದ ತೀವ್ರತೆಯನ್ನು ಅಳೆಯುತ್ತಾರೆ. ವಯಸ್ಕರಲ್ಲಿ ಐದಕ್ಕಿಂತ ಕಡಿಮೆಯಾದರೆ ಸಹಜ. 5ರಿಂದ 15 ಅಲ್ಪ. 15ರಿಂದ 30 ಮಧ್ಯಮ. 30ನ್ನು ಮೀರಿದರೆ ತೀವ್ರ. ಈ ಲೆಕ್ಕ ದೊರೆಯುವುದು ನಿದ್ರಾಪರೀಕ್ಷೆಯಿಂದ; ಮೂಗನ್ನು ಎಷ್ಟು ನೋಡಿದರೂ ದೊರೆಯದು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರು 2023ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ನೂರಕ್ಕೆ 11 ಮಂದಿಗೆ ಈ ರೋಗವಿದೆ; ದುಡಿಯುವ ವಯಸ್ಸಿನವರಲ್ಲಿ ರೋಗಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರುತ್ತದೆ.

ಇದರ ಫಲ ಮಂಪರಿಗಷ್ಟೇ ನಿಲ್ಲುವುದಿಲ್ಲ. ರಕ್ತದ ಒತ್ತಡ, ಹೃದ್ರೋಗ, ಪಾರ್ಶ್ವವಾಯು ಇವುಗಳ ಸಂಭವ ಹೆಚ್ಚುತ್ತದೆ. ಬಸ್ಸು, ಲಾರಿ ನಡೆಸುವವನಿಗೆ ಈ ರೋಗವಿದ್ದರೆ ಘಾಟಿಯ ತಿರುವಿನಲ್ಲಿ ಅವನ ಕಣ್ಣು ಒಂದು ಕ್ಷಣ ಮುಚ್ಚುವುದಕ್ಕೆ ಎಷ್ಟು ಮಂದಿ ಬೆಲೆ ತೆರಬೇಕಾದೀತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೂಗಿನ ಆಪರೇಷನ್ನಿನಿಂದ ಆಗುವುದೇನು, ಆಗದುದೇನು

ಮೂಗಿಗೂ ಗಂಟಲಿಗೂ ಇರುವ ಸಂಬಂಧವನ್ನು ಎಳನೀರು ಹೀರುವ ಕಾಗದದ ಕೊಳವೆಯಿಂದ ತಿಳಿಯಬಹುದು. ಕೊಳವೆಯ ತುದಿ ಕಾಯಿಯ ಗಂಜಿಗೆ ತಾಗಿ ಮುಚ್ಚಿಕೊಂಡರೆ, ಹೀರಿದಷ್ಟೂ ನೆನೆದ ಕೊಳವೆ ನಡುವೆ ಕುಸಿಯುತ್ತದೆ. ಮೂಗು ಕಟ್ಟಿದಾಗ ಗಂಟಲೂ ಹಾಗೆಯೇ. ಬಾಯಿ ತೆರೆದು ಮಲಗಿದರೆ ದವಡೆಯೊಡನೆ ನಾಲಗೆಯೂ ಹಿಂದೆ ಸರಿದು ಕಷ್ಟ ಇಮ್ಮಡಿಸುತ್ತದೆ. ತುದಿಯ ತಡೆಯನ್ನು ಬಿಡಿಸಿದರೆ ಕುಸಿತದ ಒಂದು ಕಾರಣ ಹೋಗುತ್ತದೆ, ನಿಜ. ಆದರೆ ಕೊಳವೆಯೇ ನೆನೆದು ಮೆತ್ತಗಾಗಿದ್ದರೆ, ಕೊಬ್ಬಿನ ಭಾರದಿಂದಲೋ ದವಡೆಯ ಕಿರಿದಳತೆಯಿಂದಲೋ ಒತ್ತರಿಸಿದ್ದರೆ, ತುದಿ ತೆರೆದ ಮಾತ್ರಕ್ಕೆ ಅದು ನಿಲ್ಲದು.

ಇದು ತರ್ಕವಷ್ಟೇ ಅಲ್ಲ, ಪರೀಕ್ಷಿತ ಸಂಗತಿ. ಗ್ರೀಸ್ ದೇಶದ ವೈದ್ಯರು 2008ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಭಿತ್ತಿಯ ವಕ್ರತೆಯೂ ಶ್ವಾಸಸ್ತಂಭನವೂ ಎರಡೂ ಇದ್ದ 49 ಮಂದಿಯನ್ನು ತೆಗೆದುಕೊಂಡರು. 27 ಮಂದಿಗೆ ನಿಜವಾದ ಶಸ್ತ್ರಕ್ರಿಯೆ. 22 ಮಂದಿಗೆ ಶಸ್ತ್ರಕ್ರಿಯೆಯ ತೋರಿಕೆ ಮಾತ್ರ. ನಿಜವಾದ ಶಸ್ತ್ರಕ್ರಿಯೆಯಾದವರ ಮೂಗು ತೆರೆಯಿತು. ಆದರೆ ನಿದ್ರೆಯಲ್ಲಿ ಉಸಿರು ನಿಲ್ಲುವ ಲೆಕ್ಕ ಸರಾಸರಿಯಲ್ಲಿ ಗಣನೀಯವಾಗಿ ಇಳಿಯಲಿಲ್ಲ. 27 ಮಂದಿಯಲ್ಲಿ ನಾಲ್ವರಿಗೆ ಮಾತ್ರ ಒಳ್ಳೆಯ ಗುಣ ಕಂಡಿತು.

ಹಾಗಾದರೆ ಈ ಆಪರೇಷನ್ ವ್ಯರ್ಥವೇ? ಅಲ್ಲ. ಹಗಲಿನ ಉಸಿರು ಸುಗಮವಾಗುತ್ತದೆ. ಮಲಗಿದಾಗಿನ ಹಿಂಸೆ ತಗ್ಗುತ್ತದೆ. ಕೆಲವರಿಗೆ ಗೊರಕೆಯೂ ಇಳಿಯುತ್ತದೆ. ಇವೆಲ್ಲಕ್ಕಿಂತ ಮಿಗಿಲಾಗಿ, ಶ್ವಾಸಸ್ತಂಭನದ ಮುಖ್ಯ ಚಿಕಿತ್ಸೆಗೆ ಇದು ದಾರಿ ಮಾಡಿಕೊಡುತ್ತದೆ.

ಗಾಳಿಯ ಒತ್ತಡದ ಯಂತ್ರ

ಆ ಮುಖ್ಯ ಚಿಕಿತ್ಸೆಯೇ ಸಿಪ್ಯಾಪ್ ಎಂಬ ಯಂತ್ರ. ಅದಕ್ಕೆ ಮೊದಲು ತೀವ್ರರೋಗಿಗಳಿಗೆ ಕುತ್ತಿಗೆಯಲ್ಲಿ ರಂಧ್ರ ಕೊರೆದು ಉಸಿರಾಡಿಸುವುದೊಂದೇ ಖಚಿತವಾದ ಉಪಾಯವಾಗಿತ್ತು. ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸಣ್ಣ ಒತ್ತಡದ ಗಾಳಿಯನ್ನು ಎಡೆಬಿಡದೆ ಊದುವ ಕ್ರಮವನ್ನು 1981ರಲ್ಲಿ ಪ್ರಕಟಿಸಿದರು. ಗಾಳಿ ತುಂಬಿದ ಸೈಕಲ್ ಟ್ಯೂಬಿನ ಗೋಡೆಗಳು ಒಂದಕ್ಕೊಂದು ಅಂಟುವುದಿಲ್ಲ. ಈ ಗಾಳಿಯಿಂದ ಗಂಟಲಿನ ಗೋಡೆಗಳೂ ಅಂಟುವುದಿಲ್ಲ. ಮಾಸ್ಕು ಹಾಕಿಕೊಂಡಿರುವಷ್ಟು ಹೊತ್ತು ಮಾತ್ರ ಫಲ. ಕನ್ನಡಕದಂತೆ ಇದನ್ನು ನಿತ್ಯ ಧರಿಸಬೇಕು.

ಮೂಗು ಕಟ್ಟಿದವನಿಗೆ ಈ ಮಾಸ್ಕು ಯಾತನೆ. ಗಾಳಿ ಹೋಗಲು ದಾರಿಯಿಲ್ಲದೆ ಬಾಯಿ ಒಣಗುತ್ತದೆ, ಒತ್ತಡ ಹೆಚ್ಚಿಸಬೇಕಾಗುತ್ತದೆ. ಎಷ್ಟೋ ಮಂದಿ ಕೆಲವೇ ದಿನಗಳಲ್ಲಿ ಯಂತ್ರವನ್ನು ಮೂಲೆಗಿಡುತ್ತಾರೆ. ಅಂಥವರ ಮೂಗನ್ನು ಶಸ್ತ್ರದಿಂದ ಸರಿಪಡಿಸಿದರೆ ಬೇಕಾಗುವ ಒತ್ತಡ ಇಳಿಯುತ್ತದೆ, ಯಂತ್ರ ಸಹ್ಯವಾಗುತ್ತದೆ. ಮೂಗಿನ ಆಪರೇಷನ್ನಿಗೆ ಶ್ವಾಸಸ್ತಂಭನದ ಚಿಕಿತ್ಸೆಯಲ್ಲಿರುವ ನಿಜವಾದ ಸ್ಥಾನ ಇದೇ. ಮಳೆಗಾಲದಲ್ಲಿ ವಿದ್ಯುತ್ತು ಕೈಕೊಡುವ ಊರುಗಳಲ್ಲಿ ಯಂತ್ರದೊಡನೆ ಬ್ಯಾಟರಿಯ ಏರ್ಪಾಡನ್ನೂ ಯೋಚಿಸಬೇಕು.

ತೂಕ ಇಳಿಸುವುದು, ಮದ್ಯವನ್ನೂ ವೈದ್ಯರು ಹೇಳದ ನಿದ್ರೆಮಾತ್ರೆಯನ್ನೂ ಬಿಡುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಇವು ಎಲ್ಲರಿಗೂ ಹಿತ. ಅಲ್ಪ, ಮಧ್ಯಮ ರೋಗಿಗಳಲ್ಲಿ ಕೆಲವರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಸಾಧನವೂ ಉಪಯುಕ್ತ.

ಇಲ್ಲಿ ಇನ್ನೊಂದು ಎಚ್ಚರ ಅವಶ್ಯ. ಶ್ವಾಸಸ್ತಂಭನವಿರುವವನು ಯಾವುದೇ ಆಪರೇಷನ್ನಿಗೆ ಹೋಗುವಾಗ ಅರಿವಳಿಕೆ ಕೊಡುವ ವೈದ್ಯರಿಗೆ ಅದನ್ನು ತಪ್ಪದೆ ತಿಳಿಸಬೇಕು. ಅರಿವಳಿಕೆಯೂ ಕೆಲವು ನೋವಿನ ಮದ್ದುಗಳೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸುತ್ತವೆ. ಮೂಗಿನಲ್ಲಿ ಬಟ್ಟೆಯೂ ತುಂಬಿದ್ದರೆ ಮೊದಲ ರಾತ್ರಿ ಹೆಚ್ಚು ಅಪಾಯದ್ದು. ಗೊರಕೆಯ ವಿಷಯ ಹೇಳಿಕೊಳ್ಳಲು ನಾಚುವವರು ಇದನ್ನು ನೆನಪಿಡಬೇಕು.

ಶಾಲೆಯ ಮಕ್ಕಳ ವಿಷಯ

ಅಧ್ಯಾಪಕರು ಗಮನಿಸಬೇಕಾದ ಸಂಗತಿಯೊಂದಿದೆ. ಮಕ್ಕಳಲ್ಲಿ ಮೂಗಿನ ಹಿಂದೆ, ಅಂಗುಳಿನ ಮೇಲ್ಗಡೆ ಅಡಿನಾಯ್ಡ್ ಎಂಬ ಗ್ರಂಥಿಯಿರುತ್ತದೆ. ಮೂರರಿಂದ ಏಳು ವರ್ಷಗಳ ನಡುವೆ ಅದು ದೊಡ್ಡದಾಗಿದ್ದು, ಪ್ರಾಯ ಬಂದಂತೆ ಕುಗ್ಗುತ್ತದೆ. ಅದು ಅತಿಯಾಗಿ ಬೆಳೆದ ಮಗು ಸದಾ ಬಾಯಿ ತೆರೆದಿರುತ್ತದೆ. ರಾತ್ರಿ ಗೊರಕೆ ಹೊಡೆಯುತ್ತದೆ. ಹಾಸಿಗೆ ಒದ್ದೆ ಮಾಡಿಕೊಳ್ಳಬಹುದು. ಕಿವಿಯ ನಡುಭಾಗದಲ್ಲಿ ನೀರು ನಿಂತು ಪಾಠ ಸರಿಯಾಗಿ ಕೇಳಿಸದೆ ಹೋಗಬಹುದು. ದೊಡ್ಡವರು ತೂಕಡಿಸಿದರೆ ಮಕ್ಕಳಲ್ಲಿ ಅನೇಕರು ಅದಕ್ಕೆ ಬದಲಾಗಿ ಚಡಪಡಿಸುತ್ತಾರೆ, ಸಿಡುಕುತ್ತಾರೆ. ಇಂಥ ಮಗುವನ್ನು ದಡ್ಡನೆಂದೋ ತುಂಟನೆಂದೋ ಹಿಂದಿನ ಬೆಂಚಿಗೆ ಕಳುಹಿಸಿದರೆ ಅನ್ಯಾಯವಾಗುತ್ತದೆ.

ಮಕ್ಕಳ ಲೆಕ್ಕವೇ ಬೇರೆ. ಗಂಟೆಗೆ ಒಂದಕ್ಕಿಂತ ಹೆಚ್ಚು ಸಲ ಉಸಿರು ನಿಲ್ಲುವುದೂ ಅವರಲ್ಲಿ ಅಸಹಜ. ಚಿಕಿತ್ಸೆಯ ಫಲವೂ ಬೇರೆ. ವಯಸ್ಕರಲ್ಲಿ ಮೂಗಿನ ಶಸ್ತ್ರಕ್ರಿಯೆ ಸಹಾಯಕ ಮಾತ್ರವಾದರೆ, ಮಕ್ಕಳಲ್ಲಿ ಅಡಿನಾಯ್ಡನ್ನೂ ಟಾನ್ಸಿಲ್ ಗ್ರಂಥಿಗಳನ್ನೂ ತೆಗೆಯುವ ಶಸ್ತ್ರಕ್ರಿಯೆಯೇ ಮೊದಲ ಚಿಕಿತ್ಸೆ. ಬಹುಪಾಲು ಮಕ್ಕಳು ಅದರಿಂದ ಗಮನಾರ್ಹವಾಗಿ ಚೇತರಿಸಿಕೊಳ್ಳುತ್ತಾರೆ. ಮಧ್ಯಭಿತ್ತಿಯ ಆಪರೇಷನ್ನನ್ನು ಮಾತ್ರ, ತೀವ್ರವಾದ ಕಾರಣವಿಲ್ಲದಿದ್ದರೆ, ಮುಖದ ಬೆಳವಣಿಗೆ ಮುಗಿಯುವ ಹದಿನಾರು ಹದಿನೆಂಟರ ವಯಸ್ಸಿನವರೆಗೆ ಮುಂದೂಡುತ್ತಾರೆ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ರಾತ್ರಿ ಒಂದು ಸುತ್ತು ಬಂದು ಗೊರಕೆಯ ಮಕ್ಕಳನ್ನು ಗುರುತಿಸಿ ತಂದೆತಾಯಿಗಳಿಗೆ ತಿಳಿಸಿದರೆ, ಖರ್ಚಿಲ್ಲದ ದೊಡ್ಡ ಉಪಕಾರವಾಗುತ್ತದೆ.

ಹಿಡಿಯಬೇಕಾದ ದಾರಿ

ಗೆಂಡೆಹಳ್ಳಿಯ ಕಡೆಯವರಿಗೆ ಮೂಗಿನ ಪರೀಕ್ಷೆ ದೂರದ ಮಾತಲ್ಲ. ಬೇಲೂರಿನಿಂದ ಸುಮಾರು 40 ಕಿಲೋಮೀಟರು ದೂರದ ಹಾಸನದಲ್ಲಿ 2006ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿದೆ. ಮೈಸೂರಿನಲ್ಲಿ 1924ರಷ್ಟು ಹಿಂದಿನ ಮೈಸೂರು ವೈದ್ಯಕೀಯ ಕಾಲೇಜೂ ಅದರ ಕೆ. ಆರ್. ಆಸ್ಪತ್ರೆಯೂ ಇವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ನಿದ್ರಾಪರೀಕ್ಷೆಯ ಸೌಲಭ್ಯವುಂಟು. ಈಚೆಗೆ ಸಣ್ಣ ಯಂತ್ರವನ್ನು ಕಟ್ಟಿಕೊಂಡು ಮನೆಯಲ್ಲಿಯೇ ಮಲಗಿ ಮಾಡಿಸಿಕೊಳ್ಳುವ ಪರೀಕ್ಷೆಯೂ ಬಳಕೆಯಲ್ಲಿದೆ.

ಕ್ರಮ ಸರಳವಾದುದು. ಗೊರಕೆಯ ನಡುವೆ ಉಸಿರು ನಿಲ್ಲುವುದು, ಬೆಳಗಿನ ತಲೆನೋವು, ಹಗಲಿನ ಮಂಪರು, ಔಷಧಕ್ಕೆ ಬಗ್ಗದ ರಕ್ತದೊತ್ತಡ, ದಪ್ಪ ಕುತ್ತಿಗೆ ಇವುಗಳಲ್ಲಿ ಕೆಲವು ಕೂಡಿ ಕಂಡರೆ ಮೊದಲು ನಿದ್ರಾಪರೀಕ್ಷೆ, ಮೂಗು ಕಟ್ಟಿದ್ದರೆ ಅದರ ಪರೀಕ್ಷೆಯೂ ಔಷಧವೂ, ಅದರಿಂದಾಗದಿದ್ದರೆ ಶಸ್ತ್ರಚಿಕಿತ್ಸೆ. ಆಪರೇಷನ್ನಿಗೆ ಒಪ್ಪುವ ಮೊದಲು ವೈದ್ಯರನ್ನು ಒಂದೇ ಪ್ರಶ್ನೆ ಕೇಳಬೇಕು: “ಇದು ನನ್ನ ಮೂಗಿಗೋ, ನನ್ನ ನಿದ್ರೆಗೋ?” ಪ್ರಾಮಾಣಿಕ ವೈದ್ಯನು ಈ ಪ್ರಶ್ನೆಗೆ ಬೇಸರಪಡುವುದಿಲ್ಲ. ಆಪರೇಷನ್ ಆದ ಬಳಿಕವೂ ನಿದ್ರಾಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿಯೇ ಯಂತ್ರವನ್ನು ಬಿಡಬಹುದೋ ಇಲ್ಲವೋ ಎಂಬುದನ್ನು ನಿಶ್ಚಯಿಸಬೇಕು. ಗೊರಕೆ ನಿಂತಿತೆಂದು ರೋಗ ನಿಂತಿತೆಂದು ಭಾವಿಸಲಾಗದು.

ನಿದ್ರಾಪರೀಕ್ಷೆಗೂ ಯಂತ್ರಕ್ಕೂ ತಗಲುವ ವೆಚ್ಚ ಬಡವರಿಗೆ ಭಾರವೇ ಸರಿ. ವಿದ್ಯಾದಾನ ಅನ್ನದಾನಗಳಲ್ಲಿ ಕೈ ಚಾಚಿ ಬಂದ ಉದಾರಿಗಳಿಗೆ ಇದೂ ಒಂದು ಯೋಗ್ಯವಾದ ಕ್ಷೇತ್ರವಾಗಬಹುದು. ವರ್ಷಕ್ಕೊಮ್ಮೆ ಶಾಲೆಯಲ್ಲಿ ಕಿವಿ, ಮೂಗು, ಗಂಟಲುಗಳ ತಪಾಸಣೆ ನಡೆಸಿ, ಬಾಯಿ ತೆರೆದು ಮಲಗುವ ಒಂದು ಮಗುವನ್ನು ಸಕಾಲದಲ್ಲಿ ವೈದ್ಯರ ಬಳಿಗೆ ಕಳುಹಿಸಿದರೂ ಒಂದು ಬಾಳು ಹಸನಾದಂತೆ. ಉಸಿರು ಸುಗಮವಾದಲ್ಲಿ ನಿದ್ರೆ. ನಿದ್ರೆ ಪೂರ್ಣವಾದಲ್ಲಿ ಹಗಲಿನ ಚೇತನ. ಆ ಚೇತನವಿದ್ದಲ್ಲಿ ಮಾತ್ರ ಗುರುಗಳು ಹೇಳಿದ ಪಾಠ ಶಿಷ್ಯನ ಮನಸ್ಸಿನಲ್ಲಿ ನೆಲೆನಿಲ್ಲುತ್ತದೆ.